ಖಂಡೇನವಮಿಗೊಮ್ಮೆ ಬಾಯಿ ಬಿಡುವ ಚಾಕು

ಪುಣೆಯ ಕೋಥರೂಡಿನ ದರ್ಜಿಗಳು ಕಾಶವ್ವನ ಮುಂದೆ ಸುಳ್ಳು ಹೇಳುವುದಿಲ್ಲ. ಹೇಳಿ ನೋಡಿದವರಿದ್ದಾರೆ, ಅವರ ಗತಿ ಏನಾಯಿತೆಂಬುದು ಉಳಿದವರಿಗೆ ಗೊತ್ತು. ಹೋದ ಶ್ರಾವಣದಲ್ಲಿ ಒಬ್ಬ ಬ್ಲೌಸಿನ ದರ್ಜಿ ತನ್ನ ಹತ್ತಿಂಚಿನ ಕತ್ತರಿ ತಂದ. ಇದರಲ್ಲಿ ಬಟ್ಟೆ ಬಿಟ್ಟು ಬೇರೇನನ್ನೂ ಕತ್ತರಿಸಿಲ್ಲ, ಆದರೂ ಹದಿನೈದೇ ದಿನಕ್ಕೆ ಧಾರ ಹೋಗಿದೆ, ಹೋದ ಸಲ ನೀವೇ ಸರಿಯಾಗಿ ಸಾಣೆ ಹಿಡಿದಿಲ್ಲ ಎಂದು ತಕರಾರು ತೆಗೆದ. ಕಾಶವ್ವ ಕತ್ತರಿಯನ್ನು ಕಿವಿಯ ಹತ್ತಿರ ಹಿಡಿದು ಎರಡು ಸಲ ಕಚಕ್ ಕಚಕ್ ಅನ್ನಿಸಿದಳು. ಅಂಚಿನ ಮೇಲೆ ಹೆಬ್ಬೆರಳಿನ ಉಗುರು ಎಳೆದಳು. ಆಮೇಲೆ ಮರಾಠಿಯಲ್ಲಿ ಕೇಳಿದಳು, ಮಗಳ ಶಾಲೆಯಲ್ಲಿ ಏನು ಮಾಡಿಕೊಂಡು ಬರಲು ಹೇಳಿದ್ದರು, ರಟ್ಟಿನ ಮನೆಯೋ, ರಟ್ಟಿನ ಕೋಟೆಯೋ ಎಂದು. ದರ್ಜಿ ಛಾವಣಿ ನೋಡುತ್ತ ಕೋಟೆ ಎಂದು ಒಪ್ಪಿಕೊಂಡ.

ಕಾಶವ್ವನಿಗೆ ಈಗ ಎಪ್ಪತ್ತೈದು. ಹಳೆಯ ಕಟ್ಟಡವೊಂದರ ಮೆಟ್ಟಿಲಿನ ಅಡಿಯಲ್ಲಿ ಅವಳ ಅಂಗಡಿ. ನಿಂತರೆ ತಲೆ ತಾಗುತ್ತದೆ, ಅದಕ್ಕೇ ಅವಳು ನಿಲ್ಲುವುದಿಲ್ಲ. ಒಂದು ಮೋಟಾರು, ಅದರ ಎರಡು ತುದಿಗೆ ಎರಡು ಸಾಣೆಕಲ್ಲು, ಒಂದು ಒರಟು, ಒಂದು ನುಣುಪು. ಗೋಡೆಯ ಮೇಲೆ ಗಂಡ ಸಿದ್ದಲಿಂಗಪ್ಪನ ಫೋಟೋ. ಅವನು ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಕೆಲಸ ಮಾಡುತ್ತಿದ್ದವ, ಸಂಜೆ ಬಂದು ಇಲ್ಲಿ ಕೂತು ಊರಿನ ಕತ್ತರಿಗಳಿಗೆ ಧಾರ ಹಚ್ಚುತ್ತಿದ್ದವ. ಅವನು ಹೋದಾಗ ಮೋಟಾರು ಕೊಳ್ಳಲು ಇಬ್ಬರು ಬಂದಿದ್ದರು. ಒಂದು ತಿಂಗಳು ಬಿಟ್ಟು ಬನ್ನಿ ಎಂದಳು. ಅವರು ತಿಂಗಳು ಬಿಟ್ಟು ಬರುವ ಹೊತ್ತಿಗೆ ಮನೆಯ ಮೂರು ಈಳಿಗೆ, ನಾಲ್ಕು ಚಾಕು ಹಾಳು ಮಾಡಿ, ಬೆರಳಿಗೆ ಐದು ಕಡೆ ಪಟ್ಟಿ ಕಟ್ಟಿಕೊಂಡು, ಉಕ್ಕನ್ನು ಕಲ್ಲಿಗೆ ಹೆಚ್ಚು ಒತ್ತಿದರೆ ನೀಲಿಯಾಗುತ್ತದೆ, ನೀಲಿಯಾದ ಉಕ್ಕು ಮತ್ತೆ ಧಾರ ಹಿಡಿಯುವುದಿಲ್ಲ ಎಂಬ ಪಾಠ ಕಲಿತು ಕೂತಿದ್ದಳು. ಬಂದವರು ಮೋಟಾರಿನ ಬದಲು ತಮ್ಮ ಕತ್ತರಿಗೆ ಧಾರ ಹಚ್ಚಿಸಿಕೊಂಡು ಹೋದರು.

ಇಂಥ ಕಾಶವ್ವ, ಕಬ್ಬಿಣ ನೋಡಿ ಮನುಷ್ಯನನ್ನು ಹೇಳುವ ಕಾಶವ್ವ, ತನ್ನ ಮನೆಯ ದೇವರ ಜಗಲಿಯ ಮೇಲಿದ್ದ ಒಂದು ಚಾಕುವನ್ನು ಮಾತ್ರ ಜೀವಮಾನದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಕೈ ಮುಗಿದಿದ್ದಳು, ನೋಡಿರಲಿಲ್ಲ.

ಅದು ಅವಳ ಅಪ್ಪ ಭೀಮಣ್ಣನ ಚಾಕು. ಅಂಗೈಯಷ್ಟು ಉದ್ದ, ಚೌಕಳಿ ಗೀರಿದ ಕಪ್ಪು ಹಿಡಿಕೆ, ತುದಿಗೆ ದಾರ ಕಟ್ಟಲು ಒಂದು ಬಳೆ. ಮಡಚಿದರೆ ಎರಡು ವಸ್ತು ಒಳಗೆ ಹೋಗುತ್ತವೆ, ಒಂದು ಮೊಂಡು ಮೂತಿಯ ದಪ್ಪ ಅಲಗು, ಇನ್ನೊಂದು ಡಬ್ಬಿ ಒಡೆಯುವ ಗಿಡ್ಡ ಕೊಕ್ಕೆ. ಇಂಡಿ ತಾಲೂಕಿನ ಹಳ್ಳಿಯಿಂದ ಇಪ್ಪತ್ತರ ವಯಸ್ಸಿನಲ್ಲಿ ಫೌಜಿಗೆ ಸೇರಿದ ಭೀಮಣ್ಣ ಎರಡನೆಯ ದೊಡ್ಡ ಯುದ್ಧದಲ್ಲಿ ಇಟಲಿಯ ಗುಡ್ಡಗಳಲ್ಲಿ ಹೇಸರಗತ್ತೆಗಳ ಮೇಲೆ ಸಾಮಾನು ಹೇರುವ ಕೆಲಸ ಮಾಡಿದನಂತೆ. ತಿರುಗಿ ಬಂದು ಪುಣೆಯಲ್ಲೇ ಉಳಿದ. ಯುದ್ಧದ ಕಥೆ ಕೇಳಿದರೆ ಹೇಳುತ್ತಿರಲಿಲ್ಲ. ಚಾಕುವಿನ ಬಗ್ಗೆ ಮಾತ್ರ ಒಂದೇ ಮಾತು ಹೇಳುತ್ತಿದ್ದ, ಅದನ್ನೇ ಪ್ರತಿ ಸಲ ಹೇಳುತ್ತಿದ್ದ: "ಇದು ನನ್ನ ಸಂಗಾಟ ಹೋಗಿ ನನ್ನ ಸಂಗಾಟ ಬಂತು."

ಅರವತ್ತೊಂದನೆಯ ಇಸವಿಯಲ್ಲಿ ಪಾನಶೆತ್ ಅಣೆಕಟ್ಟು ಒಡೆದು ಪುಣೆಗೆ ನೀರು ನುಗ್ಗಿದಾಗ ನದಿಯ ದಂಡೆಯ ಅವರ ಮನೆ ಹೋಯಿತು. ಟ್ರಂಕು ಹೋಯಿತು, ಟ್ರಂಕಿನಲ್ಲಿದ್ದ ಫೌಜಿನ ಕಾಗದಪತ್ರಗಳೂ ಹೋದವು. ಚಾಕು ಅಪ್ಪನ ಸೊಂಟದಲ್ಲಿತ್ತು, ಉಳಿಯಿತು. ಅವತ್ತು ಅದೇ ಚಾಕುವಿನಿಂದ ಹಗ್ಗ ಕೊಯ್ದು ಕಟ್ಟಿ, ಹೊರಸು ಮಂಚದ ಮೇಲೆ ಮಕ್ಕಳನ್ನು ನೀರು ದಾಟಿಸಿ ಸಾಗಿಸಿದ್ದ. ಹೊಸ ಮನೆ ಸಿಕ್ಕಿದ ಮೇಲೆ ಅದನ್ನು ಜಗಲಿಯ ಮೇಲೆ ಇಟ್ಟುಬಿಟ್ಟ. ಇನ್ನು ಇದು ಕೆಲಸ ಮಾಡುವುದು ಬೇಡ, ವರ್ಷಕ್ಕೊಮ್ಮೆ ಖಂಡೇನವಮಿಯ ಆಯುಧಪೂಜೆಯ ದಿನ ಅಲಗು ತೆರೆದು ಎಣ್ಣೆ, ಅರಿಷಿಣ, ಕುಂಕುಮ ಹಚ್ಚಿ ಮಡಚಿಡಬೇಕು ಎಂದ. ಅವನ ನಂತರ ಮಗಳು ಅದನ್ನೇ ನಡೆಸಿಕೊಂಡು ಬಂದಳು. ಅರವತ್ತು ವರ್ಷದ ಕುಂಕುಮ, ಎಣ್ಣೆ ಸೇರಿ ಅಲಗಿನ ಮೇಲೆ ಕೆಂಪು ಕಪ್ಪಾಗಿ, ಕಪ್ಪು ಗಟ್ಟಿಯಾಗಿ, ಕೆಳಗೆ ಉಕ್ಕು ಇದೆ ಎಂಬುದೇ ಮರೆತು ಹೋಗುವಂತಾಗಿತ್ತು.

ಈ ವರ್ಷ ಕನ್ನಡ ಸಂಘದವರು ದಸರೆಗೆ ಒಂದು ಪ್ರದರ್ಶನ ಇಟ್ಟುಕೊಂಡರು. ಪುಣೆಯ ಕನ್ನಡಿಗರ ಮನೆಗಳಲ್ಲಿ ಹಿರಿಯರಿಂದ ಬಂದ ಸಾಮಾನುಗಳು, ಪ್ರತಿಯೊಂದರ ಮುಂದೆ ಒಂದು ಚೀಟಿ, ಚೀಟಿಯಲ್ಲಿ ಯಾರದು, ಎಲ್ಲಿಂದ ಬಂತು ಎಂಬ ವಿವರ. ಕಾರ್ಯದರ್ಶಿ ಶ್ರೀಕಂಠಯ್ಯ, ಮಂಡ್ಯದ ಕಡೆಯವರು, ನಿವೃತ್ತ ಬ್ಯಾಂಕ್ ಅಧಿಕಾರಿ. ಹೋದ ವರ್ಷ ಇದೇ ಪ್ರದರ್ಶನದಲ್ಲಿ ಅವರ ಮಾನ ಹೋಗಿತ್ತು. ದೇಸಾಯರ ಕಾಲದ ಖಡ್ಗ ಎಂದು ಬರೆದಿಟ್ಟಿದ್ದನ್ನು ಮುಖ್ಯ ಅತಿಥಿಗಳು ಎತ್ತಿ ಹಿಡಿದಾಗ ಅದು ಅವರ ಕೈಯಲ್ಲೇ ಬಾಗಿತು. ನಾಟಕ ಕಂಪನಿಯ ತಗಡಿನ ಖಡ್ಗ. ಅದಕ್ಕೇ ಈ ವರ್ಷ ತಿಳಿದವರಿಂದ ಪರೀಕ್ಷೆ ಮಾಡಿಸದೆ ಯಾವ ಚೀಟಿಯನ್ನೂ ಬರೆಯುವುದಿಲ್ಲ ಎಂದು ಪಣ ತೊಟ್ಟಿದ್ದರು.

ತಿಳಿದವನು ನಿತಿನ. ನಲವತ್ತರ ಮರಾಠಿ ಮನುಷ್ಯ, ವಿಮಾ ಕಚೇರಿಯಲ್ಲಿ ನೌಕರಿ, ಭಾನುವಾರ ಬಂದರೆ ಜೂನಾ ಬಜಾರಿನಲ್ಲಿ ಹಳೆಯ ಫೌಜಿ ಸಾಮಾನು ಹುಡುಕುವ ಹುಚ್ಚು. ಮನೆಯಲ್ಲಿ ಹೆಲ್ಮೆಟ್ಟು, ಗುಂಡಿ, ನೀರಿನ ಬಾಟಲಿ ತುಂಬಿಕೊಂಡಿದ್ದಾನೆ. ದಸರೆಗೆ ಒಂದು ವಾರ ಇರುವಾಗ ಶ್ರೀಕಂಠಯ್ಯ ಅವನನ್ನು ಕಾಶವ್ವನ ಮನೆಗೆ ಕರೆತಂದರು. ನಿತಿನ ಒಳ್ಳೆಯ ಹುಡುಗ. ಜಗಲಿಗೆ ನಮಸ್ಕಾರ ಮಾಡಿ, ಚಾಕುವನ್ನು ಎರಡು ಕೈಯಲ್ಲಿ ತೆಗೆದುಕೊಂಡ. ಅಲಗು ತೆರೆಯಲು ಹೋದಾಗ ಕಾಶವ್ವ ತಡೆದಳು, ಅದು ಖಂಡೇನವಮಿಗೇ ಎಂದಳು. ಅವನು ತಕ್ಷಣ ಕೈ ಹಿಂದೆಗೆದ. ಹಿಡಿಕೆಯ ಪಕ್ಕದ ಕಬ್ಬಿಣವನ್ನು ಬಟ್ಟೆಯಿಂದ ಒರೆಸಿ, ಭೂತಗನ್ನಡಿ ಇಟ್ಟು ನೋಡಿದ. ಅಲ್ಲೊಂದು ಪುಟ್ಟ ಬಾಣದ ಗುರುತು. ಫೌಜಿನದೇ, ಆ ಯುದ್ಧದ ಕಾಲದ್ದೇ ಎಂದ. ಕಾಶವ್ವನ ಮೊಮ್ಮಗಳು ಮಾಧುರಿ ಅಜ್ಜಿಯ ಬೆನ್ನು ತಟ್ಟಿದಳು.

ಆಮೇಲೆ ಅವನು ಕೊಕ್ಕೆಯನ್ನು ತೆರೆಯಲು ನೋಡಿದ. ಅದಕ್ಕೆ ಯಾವ ಶಾಸ್ತ್ರವೂ ಇರಲಿಲ್ಲ, ಆದರೆ ಅದು ಬರಲಿಲ್ಲ. ಉಗುರಿಗೆ ಬಗ್ಗಲಿಲ್ಲ. ಕೊನೆಗೆ ಎರಡು ರೂಪಾಯಿಯ ನಾಣ್ಯ ಸಿಕ್ಕಿಸಿ ಮೀಟಿದ ಮೇಲೆ ಟಪ್ ಎಂದು ಬಂತು. ನಿತಿನ ಅದನ್ನು ಬೆಳಕಿಗೆ ಹಿಡಿದ, ತಿರುಗಿಸಿದ, ಮತ್ತೆ ಹಿಡಿದ. ಮುಖ ಸಣ್ಣದಾಯಿತು.

"ಆಜಿ, ಹಾ ಚಾಕೂ ಯುದ್ಧಾವರ ಗೇಲೇಲಾ ನಾಹೀ," ಎಂದ. ಯುದ್ಧಕ್ಕೆ ಹೋಗಿ ಬಂದದ್ದಲ್ಲ.

ಕಾರಣವನ್ನೂ ಬಿಡಿಸಿ ಹೇಳಿದ. ಯುದ್ಧಭೂಮಿಯಲ್ಲಿ ಸಿಪಾಯಿಯ ಹೊಟ್ಟೆ ತುಂಬುವುದೇ ತಗಡಿನ ಡಬ್ಬಿಯಲ್ಲಿ ಮುಚ್ಚಿ ಬಂದ ಊಟದಿಂದ. ಹೋಗಿ ಬಂದ ಚಾಕುಗಳಲ್ಲಿ ಅಲಗಿಗಿಂತ ಮೊದಲು ಸವೆಯುವುದು ಈ ಕೊಕ್ಕೆ. ಇದರ ಮೇಲೆ ಕಾರ್ಖಾನೆಯ ಕಪ್ಪು ಬಣ್ಣ ಹಾಗೇ ಇದೆ, ಕೀಲು ಕೂಡ ಹೊಸದರಂತೆ ಬಿಗಿ. ಯುದ್ಧ ಮುಗಿದ ಮೇಲೆ ಬಳಸದೆ ಉಳಿದ ಇಂಥ ಚಾಕುಗಳು ಹರಾಜಾಗಿ ಜೂನಾ ಬಜಾರಿಗೆ ಬರುತ್ತಿದ್ದವು, ನಿಮ್ಮ ತಂದೆ ಅಲ್ಲಿ ಕೊಂಡಿರಬೇಕು ಎಂದ. ತಂದೆ ಇಟಲಿಗೆ ಹೋಗಿರಬಹುದು, ಚಾಕು ಹೋಗಿಲ್ಲ.

ಶ್ರೀಕಂಠಯ್ಯ ಪೇಚಾಡಿಕೊಂಡರು. ಕಾಗದ ಏನಾದರೂ ಇದೆಯೇ ಎಂದು ಕೇಳಿದರು. ಪಾನಶೆತ್ ನೀರಿನಲ್ಲಿ ಹೋಯಿತೆಂದು ಕೇಳಿ ಇನ್ನಷ್ಟು ಪೇಚಾಡಿಕೊಂಡರು. ಹಳೆಯ ಸೈನಿಕ ಚಾಕು, ಕುಟುಂಬದವರು ಪುಣೆಯಲ್ಲಿ ಕೊಂಡದ್ದು, ಎಂದು ಬರೆಯುವುದೆಂದೂ, ಬೇರೆ ಆಧಾರ ಏನಾದರೂ ಸಿಕ್ಕರೆ ಖಂಡೇನವಮಿಯ ಮಧ್ಯಾಹ್ನದೊಳಗೆ ತಿಳಿಸಬೇಕೆಂದೂ ಹೇಳಿ ಎದ್ದರು.

ಕಾಶವ್ವನಿಗೆ ಪ್ರದರ್ಶನ ಬೇಕಾಗಿರಲಿಲ್ಲ. ಚೀಟಿಯ ಮರ್ಯಾದೆಯೂ ಬೇಕಾಗಿರಲಿಲ್ಲ. ಅವಳನ್ನು ಕೊರೆದದ್ದು ಒಂದೇ ಶಬ್ದ, ಕೊಂಡದ್ದು. ಅಪ್ಪ ಯುದ್ಧದ ಬಗ್ಗೆ ಹೇಳಿದ್ದು ಒಂದೇ ಒಂದು ಮಾತು. ಆ ಒಂದು ಮಾತೂ ಸುಳ್ಳೆಂದರೆ ಅಪ್ಪನದೆಂದು ಉಳಿಯುವುದೇನು? ನಿತಿನನ ಮೇಲೆ ಸಿಟ್ಟು ಮಾಡೋಣವೆಂದರೆ ಆ ಸಿಟ್ಟೂ ಬರಲಿಲ್ಲ. ಅವನು ಮಾಡಿದ್ದು ಅವಳ ಕೆಲಸವನ್ನೇ. ಕಬ್ಬಿಣ ನೋಡಿ ಹೇಳಿದ್ದ. ಅವಳೇ ಆಗಿದ್ದರೂ ಅದನ್ನೇ ಹೇಳುತ್ತಿದ್ದಳು. ಆ ವಾರವೆಲ್ಲ ಹೋಟೆಲಿನವರ ಚಾಕು, ಪಾರ್ಲರಿನವರ ಕತ್ತರಿ ಬಂದವು, ಹೋದವು. ಕಾಶವ್ವ ಯಾರ ಗುಟ್ಟನ್ನೂ ಹೇಳಲಿಲ್ಲ. ಕೋಟೆಯ ದರ್ಜಿ ಬಂದವನು ಆಜಿಗೆ ಮೈ ಹುಷಾರಿಲ್ಲವೇ ಎಂದು ಮಾಧುರಿಯನ್ನು ಕೇಳಿ ಹೋದ.

ಖಂಡೇನವಮಿಯ ಹಿಂದಿನ ದಿನ ಸಂಜೆ ಅಜ್ಜಿ ಮೊಮ್ಮಗಳು ಕೂಡಿ ಅಂಗಡಿ ತೊಳೆದರು. ಮರುದಿನ ಪೂಜೆಯಾದರೆ ಮೋಟಾರಿಗೆ ರಜೆ. ಮಾಧುರಿ ಕಂಪ್ಯೂಟರ್ ಕಂಪನಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವಳು, ಯಾವ ತೊಡಕಿಗೂ ಒಂದು ದಾರಿ ಇರುತ್ತದೆ ಎಂದು ನಂಬಿದವಳು. ಅಜ್ಜಿಯ ಬಾಡಿದ ಮುಖ ವಾರವಿಡೀ ನೋಡಿ ಅವಳಿಗೆ ಸಾಕಾಗಿತ್ತು. ಪೂಜೆಗೆಂದು ಮನೆಯಿಂದ ತಂದಿದ್ದ ಚಾಕುವನ್ನು ಚೀಲದಿಂದ ತೆಗೆದು ಮೋಟಾರಿನ ಪಕ್ಕ ಇಟ್ಟಳು.

"ಅಜ್ಜಿ, ಆ ಕೊಕ್ಕಿನ್ನ ಎರಡ ಮಿನಿಟ ಕಲ್ಲಿಗೆ ಹಿಡದರ ಆತಲ್ಲ? ಸವದಂಗ ಕಾಣತದ. ನಿತಿನಗ ಹೆಂಗ ಗೊತ್ತಾಗತದ?"

ಕಾಶವ್ವ ಬೈಯುವಳೆಂದು ಅವಳು ಅಂದುಕೊಂಡಿದ್ದಳು. ಕಾಶವ್ವ ಬೈಯಲಿಲ್ಲ.

"ಅಂವಗ ಗೊತ್ತಾಗೂದಿಲ್ಲ," ಎಂದಳು ಮೆಲ್ಲಗೆ. "ನಾ ಮಾಡಿದರ ಯಾರಿಗೂ ಗೊತ್ತಾಗೂದಿಲ್ಲ."

ಅದು ಜಂಭವಲ್ಲ. ನುಣುಪು ಕಲ್ಲಿಗೆ ಒಂದಿಷ್ಟು, ಆಮೇಲೆ ಇಟ್ಟಿಗೆ ಪುಡಿ, ಆಮೇಲೆ ಹುಣಸೆಹುಳಿ ಹಚ್ಚಿ ಒಂದು ರಾತ್ರಿ ಬಿಟ್ಟರೆ ಎಂಬತ್ತು ವರ್ಷದ ಸವಕಲು ತಾನಾಗಿ ಬರುತ್ತದೆ. ಭೂತಗನ್ನಡಿಯ ಅಪ್ಪನಿಗೂ ತಿಳಿಯದು. ಕಾಶವ್ವ ಮೋಟಾರು ಹಾಕಿದಳು. ಕಲ್ಲು ತಿರುಗಿ ಸುಂಯ್ ಎನ್ನತೊಡಗಿತು. ನಾಣ್ಯ ಸಿಕ್ಕಿಸಿ ಕೊಕ್ಕೆ ತೆರೆದಳು. 

ಆದರೆ ಸವೆದಂತೆ ಮಾಡುವುದೆಂದರೆ ಸುಮ್ಮನೆ ಉಜ್ಜುವುದಲ್ಲ. ಕೈ ಹೇಗೆ ಹಿಡಿಯಿತು, ಯಾವ ಕಡೆ ಭಾರ ಬಿತ್ತು, ಕೊಕ್ಕೆ ತಗಡನ್ನು ಎಲ್ಲಿ ಕಚ್ಚಿತು ಎಂಬುದನ್ನು ಮೊದಲು ಕಣ್ಣ ಮುಂದೆ ತಂದುಕೊಳ್ಳಬೇಕು. ಕಾಶವ್ವ ಕಣ್ಣು ಮುಚ್ಚಿ ಅಪ್ಪನ ಕೈಯನ್ನು ತಂದುಕೊಂಡಳು. ಹಗ್ಗದ ಗುರುತು ಬಿದ್ದ ಅಗಲವಾದ ಕೈ. ಅದರಲ್ಲಿ ಚಾಕು ಇಟ್ಟಳು. ಮುಂದೆ ಒಂದು ಡಬ್ಬಿ ಇಟ್ಟಳು. ಕೈ ಮುಂದೆ ಹೋಗಲೊಲ್ಲದು. ಎರಡನೆಯ ಸಲ ಇಟ್ಟಳು, ಆಗಲೂ ಹೋಗಲಿಲ್ಲ. ಯಾಕೆಂದರೆ ಆ ಕೈ ಹೋಗದೆ ನಿಂತದ್ದನ್ನು ಅವಳು ಒಮ್ಮೆ ಕಣ್ಣಾರೆ ಕಂಡಿದ್ದಳು.

ಪಾನಶೆತ್ ನೀರು ಇಳಿದ ಮರುದಿನ. ಶಾಲೆಯೊಂದರ ಕೋಣೆಯಲ್ಲಿ ಹತ್ತು ಸಂಸಾರ. ಅವಳಿಗೆ ಹದಿಮೂರು, ಎರಡು ವರ್ಷದ ತಮ್ಮ ಹಸಿದು ಅರಚುತ್ತಿದ್ದ. ಯಾರೋ ಪುಣ್ಯಾತ್ಮರು ಹಾಲಿನ ಡಬ್ಬಿ ಕೊಟ್ಟು ಹೋದರು. ಅಪ್ಪನ ಸೊಂಟದಲ್ಲಿ ಚಾಕು ತೂಗುತ್ತಿತ್ತು. ಅವನು ಡಬ್ಬಿ ಹಿಡಿದುಕೊಂಡು ಕೋಣೆ ಕೋಣೆ ತಿರುಗಿ, ಒಬ್ಬ ಬಡಿಗನ ಹತ್ತಿರ ಉಳಿ ಬೇಡಿ ತಂದ. ಅವ್ವನಿಗೆ ತಲೆ ಕೆಟ್ಟು ಹೋಯಿತು.

"ಸೊಂಟದಾಗ ಹತಿಯಾರ ಜೋತಾಡಲಿಕ್ಹತ್ತೇದ, ಮಂದಿ ಮುಂದ ಉಳಿ ಬೇಡತೀರಲ್ಲ, ನಾಚಿಕಿ ಬರೂದಿಲ್ಲೇನ್ರಿ?"

ಅಪ್ಪ ಉಳಿಯಿಂದ ಡಬ್ಬಿ ಒಡೆಯುತ್ತ, ತಲೆ ಎತ್ತದೆ ಹೇಳಿದ್ದ. ಫೌಜಿಗೆ ಹೊರಟ ದಿನ ಅವನ ತಾಯಿ ಕೊರಳಿನ ಲಿಂಗಕ್ಕೆ ಹೊಸ ಶಿವದಾರ ಹಾಕಿ, ಅಲ್ಲಿ ಡಬ್ಬಿಯಲ್ಲಿ ಮಾಂಸ ತುಂಬಿ ಕೊಡುತ್ತಾರಂತೆ, ಡಬ್ಬಿ ಒಡೆಯಲು ಅವರು ಕೊಡುವ ಹತಿಯಾರ ಬಳಸಬೇಡ ಎಂದು ಮಾತು ತೆಗೆದುಕೊಂಡಿದ್ದಳು. ಚಾಕು ಕೈಗೆ ಬಂದಾಗ ಅದರ ಕೊಕ್ಕೆ ಯಾತಕ್ಕೆಂದು ಕೇಳಿ ತಿಳಿದು, ಮಡಚಿ, ಮತ್ತೆ ತೆರೆದಿರಲಿಲ್ಲ. ಬೇಳೆ, ಬೆಲ್ಲ, ಸಿಕ್ಕ ದಿನ ರೊಟ್ಟಿ, ಹಾಗೇ ಐದು ವರ್ಷ. ಇದು ಹಾಲು ಅಲ್ಲವೇ, ಯುದ್ಧ ಮುಗಿದು ಹದಿನಾರು ವರ್ಷ ಆಗಲಿಲ್ಲವೇ ಎಂದು ಅವ್ವ ಕೇಳಿದಳು.

"ಮಾತ ಕೊಡುವಾಗ ಹಾಲು, ಮಾಂಸ ಅಂತ ಬಿಡಿಸಿ ಹೇಳಿರಲಿಲ್ಲ," ಎಂದಿದ್ದ ಅಪ್ಪ.

ಹದಿಮೂರರ ಹುಡುಗಿಗೆ ಆಗ ಅದು ಅಪ್ಪ ಅವ್ವನ ಇನ್ನೊಂದು ಜಗಳ. ತಮ್ಮ ಹಾಲು ಕುಡಿದು ಮಲಗಿದ, ಅವಳು ಮರೆತಳು. ಅರವತ್ತೆರಡು ವರ್ಷ ಮರೆತೇ ಇದ್ದಳು.

ಕಣ್ಣು ಬಿಟ್ಟಾಗ ಕಲ್ಲಿಗೂ ಕೊಕ್ಕೆಗೂ ನಡುವೆ ಒಂದು ಜೋಳದ ಕಾಳು ಹಿಡಿಯುವಷ್ಟು ಜಾಗ ಉಳಿದಿತ್ತು. ಕಾಶವ್ವ ಕೈ ಹಿಂದೆಗೆದಳು. ಮೋಟಾರು ನಿಲ್ಲಿಸಿದಳು. ಕಲ್ಲು ತಿರುಗಿ ತಿರುಗಿ ನಿಲ್ಲುವವರೆಗೂ ಅದನ್ನೇ ನೋಡುತ್ತ ಕೂತಳು.  

"ಏನಾತಜ್ಜಿ?"

"ಏನಿಲ್ಲ. ನಿತಿನಗ ಫೋನ್ ಹಚ್ಚು. ನಾಳೆ ಪೂಜಿಗೆ ಬಾ ಅನ್ನು. ಶ್ರೀಕಂಠಯ್ಯನೋರನೂ ಕರಿ."

ಮರುದಿನ ಬೆಳಿಗ್ಗೆ ಮೆಟ್ಟಿಲಡಿಯ ಅಂಗಡಿಗೆ ಚೆಂಡುಹೂವಿನ ಮಾಲೆ, ಮೋಟಾರಿಗೆ ವಿಭೂತಿಯ ಮೂರು ಗೆರೆ. ಶ್ರೀಕಂಠಯ್ಯ ಸ್ಟೂಲಿನ ಮೇಲೆ, ನಿತಿನ ಮೆಟ್ಟಿಲ ಮೇಲೆ, ಮಾಧುರಿ ಬಾಗಿಲಲ್ಲಿ. ಕಾಶವ್ವ ಶಾಸ್ತ್ರದಂತೆ ಅಲಗು ತೆರೆದಳು. ಅದು ಸಲೀಸಾಗಿ, ತಾನೇ ಕಾಯುತ್ತಿದ್ದಂತೆ ಬಂತು. ಆಮೇಲೆ ಯಾವ ವರ್ಷವೂ ಮಾಡದ್ದನ್ನು ಮಾಡಿದಳು. ಹೊಸ ಕುಂಕುಮ ಹಚ್ಚುವ ಬದಲು ಬೆಚ್ಚಗಿನ ಎಣ್ಣೆ ಸವರಿ, ಬಟ್ಟೆಯಿಂದ ಹಳೆಯ ಪದರನ್ನು ಮೆತ್ತಗೆ ಬಿಡಿಸತೊಡಗಿದಳು. ಬಿದ್ದ ಚೂರುಗಳನ್ನು ಕಾಗದದ ಮೇಲೆ ಕೂಡಿಸಿದಳು, ಅಪ್ಪ ಹಚ್ಚಿದ ಕುಂಕುಮವೂ ಅದರಲ್ಲಿತ್ತಲ್ಲ. ಅರ್ಧ ಗಂಟೆಯ ಮೇಲೆ ಕೆಳಗಿನಿಂದ ಉಕ್ಕು ಬಂತು.

ಅಲಗು ಬುಡದಲ್ಲಿ ಅರ್ಧಕ್ಕರ್ಧ ಸವೆದಿತ್ತು. ತುದಿಯಲ್ಲಿ ಅಗಲ, ಬುಡದಲ್ಲಿ ಚಂದ್ರನಂತೆ ಒಳಗೆ ತಿಂದಿತ್ತು.

ಕಾಶವ್ವ ಒಂದು ತುಂಡು ಹಗ್ಗ ತಂದು, ಕೊಯ್ಯದೆ, ಕೊಯ್ಯುವಂತೆ ಹಿಡಿದು ತೋರಿಸಿದಳು. ಹಗ್ಗ ಕೊಯ್ಯುವವನು ತುದಿಯಿಂದ ಕೊಯ್ಯುವುದಿಲ್ಲ, ಬುಡಕ್ಕೆ ಎಳೆದುಕೊಂಡು ಜಗ್ಗುತ್ತಾನೆ. ಈ ಸವಕಲು ಸಾವಿರಾರು ಹಗ್ಗದ್ದು, ಹೊರೆ ಬಿಗಿದು ಬಿಚ್ಚುವವನ ಕೈಯದು. ನಿತಿನ ಚಾಕುವನ್ನು ಕೈಗೆ ತೆಗೆದುಕೊಂಡು ಅಲಗನ್ನು ಅಲ್ಲಾಡಿಸಿದ. ಕೀಲು ಲೊಡಲೊಡ ಎಂದಿತು. ನಾಣ್ಯದಿಂದ ಮೀಟಿ ತೆರೆದು ಕೊಕ್ಕೆಯನ್ನು ಅಲ್ಲಾಡಿಸಿದ. ಅದು ಕಲ್ಲಿನಂತೆ ಕೂತಿತ್ತು. ಒಂದೇ ಚಾಕುವಿನಲ್ಲಿ ಒಂದು ಕೀಲು ಸತ್ತಿದೆ, ಇನ್ನೊಂದು ಹುಟ್ಟೇ ಇಲ್ಲ. ಪೆಟ್ಟಿಗೆಯಲ್ಲೇ ಉಳಿದ ಮಾಲಾದರೆ ಎರಡೂ ಬಿಗಿಯಾಗಿರಬೇಕಿತ್ತು. ಅವನು ಕಾಶವ್ವನ ಮುಖ ನೋಡಿದ. ಆಗ ಅವಳು ಶಾಲೆಯ ಕೋಣೆಯ ಕಥೆ ಹೇಳಿದಳು, ಮರಾಠಿಯಲ್ಲಿ, ಒಂದು ಮಾತು ಹೆಚ್ಚಿಲ್ಲದೆ.

ಕಥೆ ಮುಗಿದ ಮೇಲೆ ನಿತಿನ, ತನ್ನ ಮನೆಯಲ್ಲಿ ಕೊಕ್ಕೆ ಸವೆಯದ ಚಾಕುಗಳೇ ಒಂದು ಡಬ್ಬಿ ತುಂಬ ಇವೆ, ಯುದ್ಧ ನೋಡದವು ಎಂದು ಹದಿನೈದು ವರ್ಷದಿಂದ ಮೂಲೆಗೆ ಹಾಕಿದ್ದೇನೆ, ಇನ್ನು ಒಂದೊಂದನ್ನೂ ತೆರೆದು ನೋಡಬೇಕು ಎಂದ. ಆಮೇಲೆ, ಪ್ರಾಮಾಣಿಕ ಮನುಷ್ಯನಾದ್ದರಿಂದ, ಇನ್ನೊಂದನ್ನೂ ಹೇಳಿದ. ಇದು ಕಾಗದವಲ್ಲ. ಕೊಂಡದ್ದು ಎಂದು ತಾನು ಇನ್ನು ಹೇಳಲಾರೆ, ಆದರೆ ಇಟಲಿ ಎಂದು ಈ ಉಕ್ಕಿನಲ್ಲಿ ಎಲ್ಲೂ ಬರೆದಿಲ್ಲ.

ಕಾಶವ್ವ ತಲೆಯಾಡಿಸಿದಳು. ಅದೂ ಖರೆ ಎಂದಳು.

ಶ್ರೀಕಂಠಯ್ಯ ಚೀಟಿ, ಪೆನ್ನು ತಂದೇ ಇದ್ದರು. ಕನ್ನಡಕ ಏರಿಸಿಕೊಂಡರು. 

"ವೀರಯೋಧ ಭೀಮಣ್ಣನವರು ಅಂತ ಶುರು ಮಾಡ್ಲಾ, ಕಾಶವ್ವನೋರೇ?"

"ಬ್ಯಾಡ್ರಿ. ಯುದ್ಧದಾಗ ಏನ ಮಾಡ್ಯಾನೋ ನಾ ನೋಡಿಲ್ಲ. ನೋಡಿದ್ದಷ್ಟ ಬರೀರಿ."

ಅವಳು ಹೇಳುತ್ತ ಹೋದಳು, ಅವರು ಬರೆಯುತ್ತ ಹೋದರು. ಭೀಮಣ್ಣನ ಚಾಕು. ಅವನ ಸಂಗಡ ಹೋಗಿ ಅವನ ಸಂಗಡ ಬಂತು ಎಂದು ಅವನೇ ಹೇಳಿದ್ದು. ಅಲಗು ಹಗ್ಗ ಕೊಯ್ದು ಸವೆದಿದೆ. ಡಬ್ಬಿ ಒಡೆಯುವ ಕೊಕ್ಕೆ ತಾಯಿಗೆ ಕೊಟ್ಟ ಮಾತಿನಿಂದ ಸವೆದಿಲ್ಲ.

ನಿತಿನ ಏಳುವಾಗ, ಈ ಅಲಗಿಗೆ ನಿಮ್ಮ ಕೈಯಿಂದಲೇ ಒಮ್ಮೆ ಧಾರ ಹಚ್ಚಬಾರದೇ ಎಂದು ಕೇಳಿದ. ಅಪ್ಪ ಹಚ್ಚಿದ ಧಾರ ಇನ್ನೂ ಇದೆ, ಅದರ ಮೇಲೆ ಕೈ ಹಾಕುವುದಿಲ್ಲ ಎಂದು ಕಾಶವ್ವ ಕೊಕ್ಕೆಯನ್ನು ಹೆಬ್ಬೆರಳಿನಿಂದ ಒಳಗೆ ಒತ್ತಿದಳು.

ಪ್ರದರ್ಶನದ ಮೂರು ದಿನವೂ ಅವಳು ಆ ಮೇಜಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಳು. ಚೀಟಿ ಓದಿದವರು ಅವಳ ಕಡೆ ತಿರುಗುತ್ತಿದ್ದರು, ಅವಳು ಹೇಳುತ್ತಿದ್ದಳು, ಕನ್ನಡದವರಿಗೆ ಕನ್ನಡದಲ್ಲಿ, ಮರಾಠಿಯವರಿಗೆ ಮರಾಠಿಯಲ್ಲಿ. ಎರಡನೆಯ ದಿನ ಅವಳ ಗಂಟಲು ಕೂತು ಹೋಯಿತು. ಮಾಧುರಿ ನೀರಿನ ಬಾಟಲಿ ಕೊಟ್ಟು, ಇನ್ನು ನಾನು ಹೇಳುತ್ತೇನೆ, ನೀನು ಸುಮ್ಮನೆ ಕೂಡು ಎಂದಳು. ಆಮೇಲೆ ಕಿವಿಯ ಹತ್ತಿರ ಬಗ್ಗಿ ಕೇಳಿದಳು.

"ಅಜ್ಜಿ, ಅವತ್ತ ಕೊಕ್ಕಿ ಸವಸಲಿಕ್ಕೆ ಮೋಟಾರ್ ಹಾಕಿದ್ದು ಬಿಟ್ಟ ಹೇಳಲೇನು?"

ಕಾಶವ್ವ ಒಂದು ಗುಟುಕು ನೀರು ಕುಡಿದಳು. ಎದುರಿಗೆ ಕೋಟೆಯ ದರ್ಜಿ ಹೆಂಡತಿ ಮಗಳನ್ನು ಕರೆದುಕೊಂಡು ಬಂದು, ಚೀಟಿಯನ್ನು ಓದಿಸಿಕೊಳ್ಳಲು ಯಾರಾದರೂ ಸಿಗುತ್ತಾರೇನೋ ಎಂದು ನೋಡುತ್ತ ನಿಂತಿದ್ದ.

"ಅದನ್ನ ಮೊದಲ ಹೇಳು," ಎಂದಳು.